ಟೈಮ್ ಹಾಕ್ರಿ ಸರ್, ಬರೇ ಪ್ರಥಮ ದ್ವಿತೀಯ ಅಂತ ಬಿಡಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ನಾ ಧಾರವಾಡದಾಗ ಒಂದು ಹೈಸ್ಕೂಲಿನ ಪಿಟಿ ಮಾಸ್ತರ. ನಿಮ್ಮ ಪೇಪರ್ ನಮ್ಮನಿಗೆ ಅಪ್ಪಾರ ಕಾಲದಿಂದ ಬರ್ತೈತಿ, ಅವರು ಮೊದಲನೇ ಪುಟ ಓದೋತನಕ ನಾ ಆಟದ ಪುಟ ಬ್ಯಾರೆ ಮಾಡ್ಕೊಂಡು ಕಟ್ಟಿ ಮ್ಯಾಲೆ ಕೂಡ್ತಿದ್ದೆ, ಈಗೂ ಹಂಗ. ಪತ್ರ ಬರಿಯೋದು ಇದೇ ಮೊದಲ ಸಲ. ಬರಿಯೋಹಂಗ ಮಾಡಿದ್ದು ಒಬ್ಬ ಜರ್ಮನಿಯ ಓಟಗಾರ, ಡೀಟರ್ ಬೌಮನ್ ಅಂತ, ಅವ ಸ್ಪರ್ಧಾ ಬಿಟ್ಟಿದ್ದು 2003ರಾಗ. ಅವಂಗೂ ಧಾರವಾಡಕ್ಕೂ ಏನ್ ಸಂಬಂಧ ಅಂತೀರಿ, ಹೇಳ್ತೀನಿ, ಸ್ವಲ್ಪ ಉದ್ದ ಆಕ್ಕೈತಿ, ದಯಮಾಡಿ ಪೂರಾ ಓದ್ರಿ.

ಮುಂಜಾನಿ ಐದೂವರಿಗೆ ನೀವು ಆರ್.ಎನ್. ಶೆಟ್ಟಿ ಸ್ಟೇಡಿಯಂ ಕಡೆಯಾಗಲಿ, ಯುನಿವರ್ಸಿಟಿ ರಸ್ತೆ, ಕೆಲಗೇರಿ ಕೆರಿ ದಂಡಿಯಾಗಲಿ ಬಂದ್ರ ಕಾಣ್ತೈತಿ, ಜಿಟಿಜಿಟಿ ಮಳಿಯೊಳಗೂ ಹುಡುಗೂರು ಓಡ್ತಿರ್ತಾವ. ಸಪ್ತಾಪುರದಾಗ ಮೂರು ಮಂದಿ ನಾಕು ಮಂದಿ ಕೂಡಿ ಒಂದ್ ರೂಮ್ ಹಿಡಕೊಂಡು ಪೊಲೀಸ್ ಆಗ್ಬೇಕು, ಮಿಲ್ಟ್ರಿಗೆ ಹೋಗ್ಬೇಕು ಅಂತ ಬಂದವು, ರೋಣ, ಶಿಗ್ಗಾಂವಿ, ಕುಂದಗೋಳ, ನರಗುಂದ, ಹಾನಗಲ್ಲ ಕಡಿಯವು. ಹಗಲೆಲ್ಲಾ ಲೈಬ್ರರಿ, ಮುಂಜಾನಿ ಗ್ರೌಂಡು. ಪೊಲೀಸ್ ಕಾನ್‌ಸ್ಟೇಬಲ್ ಫಿಸಿಕಲ್ಲಿಗೆ ಗಂಡಹುಡುಗೂರು 1600 ಮೀಟರ್ ಆರೂವರಿ ನಿಮಿಷದೊಳಗ ಓಡಬೇಕು, ಅದಕ್ಕ ಅವರ ಕೈಯಾಗ ಯಾವಾಗ್ಲೂ ಫೋನ್ ಇರ್ತೈತಿ, ಸ್ಟಾಪ್‌ವಾಚ್ ಅಂತ. ನಾನೂ ಅದೇ ಹೊತ್ತಿಗೆ ನಮ್ಮ ಸಾಲಿ ಹುಡುಗೂರ್ನ ಕರಕೊಂಡು ಹೋಗ್ತೀನಿ, ಹಿಂಗಾಗಿ ಅವರೂ ನನ್ನ ಸರ್ ಅಂತಾವ, ಏನರ ಕೇಳ್ತಾವ, ನಾ ಗೊತ್ತಿದ್ದಷ್ಟು ಹೇಳ್ತೀನಿ.

ಒಂದಿನ ಓಟ ಮುಗಿಸಿ ಮೆಟ್ಟಲ ಮ್ಯಾಲೆ ಕುಂತಾಗ ಕುಂದಗೋಳ ತಾಲೂಕಿನ ಹುಡುಗ ಒಬ್ಬ ಫೋನ್ ಹಿಡದ, ಸರ್ ಇದನ್ನ ನೋಡ್ರಿ, ನಮ್ಮ ವಾಟ್ಸಾಪ್ ಗ್ರೂಪಿನಾಗ ಬಂದೈತಿ ಅಂದ. ನೋಡಿದ್ರ ಬಾರ್ಸಿಲೋನಾ, 1992, ಆಗಸ್ಟ್ 8, ಒಲಿಂಪಿಕ್ಸ್ 5000 ಮೀಟರ್ ಫೈನಲ್. ಆ ಹುಡುಗ ಹುಟ್ಟಿದ್ದು 2003ಕ್ಕೋ 2004ಕ್ಕೋ. ಅವಂಗ ಓಡಾವನ ಹೆಸರೂ ಸರಿಯಾಗಿ ಹೇಳಾಕ ಬರ್ತಿರಲಿಲ್ಲ, ಬಾಮನ್ನ ಬಾಮನ್ನ ಅಂತಿದ್ದ, ಆದ್ರ ಲಾಸ್ಟ್ ನೂರು ಮೀಟರ್ ಅವಂಗ ಬಾಯಿಪಾಠ ಆಗಿತ್ತು. ಆಮ್ಯಾಲೆ ಕೇಳಿದ್ರ ಅಲ್ಲಿ ಕುಂತಿದ್ದ ಎಂಟು ಮಂದ್ಯಾಗ ಆರು ಮಂದಿ ನೋಡಿದ್ರು. ನನಗ ಭಾಳ ಆಶ್ಚರ್ಯ ಆತು, ಖುಷಿನೂ ಆತು, ಯಾಕಂದ್ರ ನಾ ಆ ರೇಸನ್ನ ನನ್ನೊಬ್ಬನ ಗಂಟು ಅಂತ ತಿಳಕೊಂಡಿದ್ದೆ.

ನೋಡಲಾರದವರಿಗೆ ಆ ರೇಸು ಹೆಂಗಿತ್ತು ಅಂತ ಹೇಳ್ತೀನಿ. ಕಡೀ ಸುತ್ತಿನ ಕಡೀ ತಿರುವು ದಾಟಿ ನೆಟ್ಟನ ದಾರಿಗೆ ಬರೂಮುಂದ ಬೌಮನ್ ಒಳಗ ಸಿಕ್ಕೊಂಡಾನ. ಎಡಕ್ಕ ಟ್ರ್ಯಾಕಿನ ಅಂಚು, ಮುಂದ ಮಂದಿ, ಬಲಕ್ಕ ಮಂದಿ, ಎಲ್ಲಾರೂ ಆಫ್ರಿಕಾದವರು, ಎಂಥೆಂಥಾವರು ಅಂತೀರಿ, ಕೀನ್ಯಾದ ಪಾಲ್ ಬಿಟೋಕ್, ಇಥಿಯೋಪಿಯಾದ ಫೀಟಾ ಬಾಯಿಸಾ, ಮೊರೊಕ್ಕೊದ ಬ್ರಾಹಿಂ ಬೂತಯೆಬ್, ಈ ಬೂತಯೆಬ್ ನಾಕು ವರ್ಷದ ಹಿಂದ ಸಿಯೋಲಿನಾಗ 10000 ಮೀಟರ್ ಚಿನ್ನ ಗೆದ್ದಾವ, ಇನ್ನ ಅದೇ ರೇಸಿನಾಗಿದ್ದ ಯೋಬೆಸ್ ಒಂಡಿಯೆಕಿ ಹಿಂದಿನ ವರ್ಷ ಟೋಕಿಯೋದಾಗ ಇದೇ 5000 ಮೀಟರಿನ ವಿಶ್ವ ಚಾಂಪಿಯನ್. ಇಂಥಾವರ ನಡುವ ಡಬ್ಬ್ಯಾಗ ಹಾಕಿ ಮುಚ್ಚಿಟ್ಟಂಗ ಇವ. ಬ್ಯಾರೆ ಯಾರರ ಆಗಿದ್ರ ಮೊಣಕೈಲೆ ನೂಕ್ತಿದ್ರು, ಇಲ್ಲಾ ಒಳಗಿಂದ ಸಂದಿ ಬಿಟ್ಟೀತೇನೋ ಅಂತ ಕಾಯ್ಕೋತ ಕೂಡ್ತಿದ್ರು. ಇವ ಹೊರಗ ಸರದ. ಮಂದಿ ಎಲ್ಲಾ ಮುಂದಕ್ಕ ಎಳೀತಿರೋ ಹೊತ್ತಿನಾಗ ಇವ ಬಲಕ್ಕ ಬಂದು ದಾರಿ ಮಾಡ್ಕೊಂಡ, ಆಮ್ಯಾಲೆ ನೋಡ್ರಿ, ಕಾಲು ನೆಲಕ್ಕ ಹತ್ತೇ ಇಲ್ಲ ಅನ್ನೋಹಂಗ ಓಡ್ತಾನ, ಒಬ್ಬೊಬ್ಬರನ್ನ ಹಿಂದ ಹಾಕ್ಕೋತ ಹೋಗ್ತಾನ, ಗೆರಿ ಮುಟ್ಟೋ ಹೊತ್ತಿಗೆ ಮುಂದ ಯಾರೂ ಇಲ್ಲ. ಗೆದ್ದ ಮ್ಯಾಲೆ ಆ ಮನಷ್ಯಾ ನೆಲದ ಮ್ಯಾಲೆ ಸಣ್ಣ ಹುಡುಗರಗತೆ ಪಲ್ಟಿ ಹೊಡೀತಾನ. ಜರ್ಮನ್ ಕಾಮೆಂಟ್ರಿ ಇರೋ ಕ್ಲಿಪ್ ಸಿಕ್ರ ಅದನ್ನ ನೋಡ್ರಿ, ಭಾಷಾ ಒಂದಕ್ಷರ ತಿಳೀಲಿಕ್ರೂ ಮೈ ಜುಮ್ ಅಂತೈತಿ.

ಬೌಮನ್ 13 ನಿಮಿಷ 12.52 ಸೆಕೆಂಡ್. ಬಿಟೋಕ್ 13:12.71. ಬಾಯಿಸಾ 13:13.03. ಬೂತಯೆಬ್ 13:13.27. ಹನ್ನೆರಡೂವರಿ ಸುತ್ತು ಓಡಿದ ಮ್ಯಾಲೆ ನಾಕು ಮಂದಿ ಒಂದು ಸೆಕೆಂಡಿನೊಳಗ, ಚಿನ್ನಕ್ಕೂ ಬೆಳ್ಳಿಗೂ ನಡುವ ಒಂದು ಹೆಜ್ಜೆನೂ ಪೂರಾ ಇಲ್ಲ.

ಇದನ್ನ ನಾ ಹುಡುಗೂರಿಗೆ ಲೆಕ್ಕ ಹಾಕಿ ತೋರಿಸ್ದೆ. 13:12.52 ಅಂದ್ರ ಒಂದು ಸುತ್ತಿಗೆ 63.4 ಸೆಕೆಂಡು. ನಿಮ್ಮ 1600 ಅಂದ್ರ ನಾಕು ಸುತ್ತು, ಅವನ ಸರಾಸರಿಯೊಳಗ ಅದು 4 ನಿಮಿಷ 14 ಸೆಕೆಂಡ್ ಆಕ್ಕೈತಿ, ಅಂಥಾ ಮೂರು 1600 ನಿಂದ್ರದ ಬೆನ್ನಾಬೆನ್ನಿ ಓಡಿ ಮ್ಯಾಲೆ ಇನ್ನೊಂದು 200 ಮೀಟರ್ ಓಡಬೇಕು, ಅದೂ ಆ ಕಡೀ ನೂರು ಮೀಟರ್ ಹಂಗ. ಆರೂವರಿ ನಿಮಿಷ ಅಂದ್ರ ಸುತ್ತಿಗೆ 97 ಸೆಕೆಂಡಿನ ಮ್ಯಾಲೆ. ಹುಡುಗೂರು ಸುಮ್ನಾದ್ರು. ಒಬ್ಬ ಮಾತ್ರ ಎದ್ದು, ಸರ್ ಒಂದೇ ಒಂದು ಸುತ್ತು 63ಕ್ಕ ಹೊಡದು ನೋಡ್ತೀನಿ ಅಂದು ಹೋದ. 71 ಬಂತು. ಬಂದು ಹುಲ್ಲಿನ ಮ್ಯಾಲೆ ಬಿದ್ಕೊಂಡ, ಎದಿ ಏರಿಳಿತಿತ್ತು, ಆದ್ರೂ ಮಾರಿ ಮ್ಯಾಲೆ ಒಂದು ತಿಳುವಳಿಕಿ ಬಂದಿತ್ತು, ಆ ಓಟ ಏನು ಅಂತ ಮೈಗೆ ಗೊತ್ತಾದ ತಿಳುವಳಿಕಿ. ಪುಸ್ತಕದಾಗ ಓದಿಸಿ ಇದನ್ನ ಕಲಿಸಾಕ ನನ್ನ ಕಡಿಂದ ಆಗ್ತಿರಲಿಲ್ಲ.

ಫೋನ್ ಹುಡುಗೂರ್ನ ಕೆಡಿಸ್ತು ಅಂತ ಎಲ್ಲಾರೂ ಬರೀತಾರ, ಕೆಡಿಸಿದ್ದೂ ಐತಿ, ನಾ ದಿನಾ ನೋಡ್ತೀನಿ. ಆದ್ರ ಇದೂ ಆ ಫೋನಿನಾಗ ಬಂದದ್ದ ಹೌದಲ್ರಿ. ಈಗಿನ ಸ್ಟಾರ್ ಅಲ್ಲ, ಜಾಹೀರಾತಿನಾಗಿಲ್ಲ, ನಮ್ಮ ದೇಶದಾವಲ್ಲ, ಹಂಗಿದ್ರೂ ಮೂವತ್ತು ವರ್ಷದ ಮ್ಯಾಲೂ ಅವನ ಒಂದು ಓಟ ಊರೂರು ತಿರುಗಿ ಸಪ್ತಾಪುರದ ರೂಮಿಗೆ ಬಂದು ಮುಟ್ಟೈತಿ. ಯಾಕ ಅಂತ ನಾ ಭಾಳ ಯೋಚನಿ ಮಾಡೀನಿ. ಸಿಕ್ಕೊಂಡ ಮನಷ್ಯಾ ಹೊರಗ ಬರೋದು ನೋಡಾಕ ಎಲ್ಲಾರಿಗೂ ಸೇರ್ತೈತಿ, ಅದು ಖರೆ, ಮೂರು ಸಲ ಪರೀಕ್ಷಾ ಬರದು ಲಿಸ್ಟಿನಾಗ ಹೆಸರು ಬರಲಾರದ ಹುಡುಗ ಅದನ್ನ ನೋಡಿದ್ರ ಅವಂಗ ಅನಿಸೋದು ಬ್ಯಾರೆನ ಇರ್ತೈತಿ. ಆದ್ರ ಅದಕ್ಕಿಂತ ಮೊದಲಿನ ಮಾತು ಅಂದ್ರ ಆ ಓಟ ಉಳದೈತಿ. ಯಾರೋ ಶೂಟ್ ಮಾಡಿದ್ರು, ಯಾರೋ ಸೆಕೆಂಡಿನ ನೂರನೇ ಭಾಗದತನಕ ಬರದಿಟ್ರು, ಅದಕ್ಕ ಉಳದೈತಿ.

ಆ ವರ್ಷ ನಾ ಪಿಯುಸಿ. ಓಣ್ಯಾಗ ಎರಡ ಮನ್ಯಾಗ ಟಿವಿ, ಬಾರ್ಸಿಲೋನಾದ ಸಂಜಿ ಓಟ ಅಂದ್ರ ನಮಗ ನಡುರಾತ್ರಿ, ಯಾರ ಮನಿ ಬಾಗಲ ಬಡೀಲಿ? ಪೇಪರಿನಾಗ ಒಂದೆರಡು ಸಾಲು ಓದಿದೆ ಅಷ್ಟ. ಆಗ ನಾನೂ 5000 ಓಡ್ತಿದ್ದೆ, ನಮ್ಮ ದೇವರು ಅಂದ್ರ ಬಹಾದೂರ್ ಪ್ರಸಾದ್, ಅದೇ 1992ರಾಗ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಾಗ 13:29.70 ಓಡಿ ಭಾರತದ ದಾಖಲೆ ಮಾಡಿದ್ರು, ಆ ದಾಖಲೆ 2022ರ ಮೇ ತಿಂಗಳದಾಗ ಅವಿನಾಶ್ ಸಾಬ್ಳೆ 13:25.65 ಓಡೋತನಕ ಮೂವತ್ತು ವರ್ಷ ಅಲುಗಾಡಲಿಲ್ಲ. ಸಾಬ್ಳೆ ಮಹಾರಾಷ್ಟ್ರದ ಬೀಡ ಜಿಲ್ಲಾದವ, ಬರಗಾಲದ ಸೀಮಿ, ಒಕ್ಕಲುತನದ ಮಂದಿ, ನಮ್ಮ ಹುಡುಗೂರಿಗೆ ಅವ ತಮ್ಮವನ ಅನಿಸ್ತಾನ. ಆಮ್ಯಾಲೆ ಗುಲ್ವೀರ್ ಸಿಂಗ್ ಬಂದ, 2024ರಾಗ ಜಪಾನಿನ ನೀಗಾಟಾದಾಗ 13:11.82 ಓಡಿದ. ನೋಡ್ರಿ ಇದನ್ನ. ಬಾರ್ಸಿಲೋನಾದ ಚಿನ್ನದ ಟೈಮಿಗಿಂತ 0.70 ಸೆಕೆಂಡ್ ಕಮ್ಮಿ. 2025ರಾಗ ಬೋಸ್ಟನ್ನಿನ ಇಂಡೋರ್ ಟ್ರ್ಯಾಕಿನಾಗ 12:59.77, ಹದಿಮೂರು ನಿಮಿಷದೊಳಗ ಓಡಿದ ಮೊದಲ ಭಾರತೀಯ. ಇದನ್ನ ಹೇಳಿದಾಗ ಹುಡುಗೂರು ಹೋ ಅಂತ ಕೂಗಿದ್ರು, ಹಂಗಾರ 1992ರಾಗ ನಮ್ಮವ ಇದ್ದಿದ್ರ ಚಿನ್ನ ನಮ್ಮದ ಸರ್ ಅಂತ ಒಬ್ಬ ಅಂದ. ಹಂಗಲ್ಲೋ ಅಂದೆ, ಫೈನಲ್ಲಿನಾಗ ಗಡಿಯಾರದ ಸಂಗಾಟ ಓಡಂಗಿಲ್ಲ, ಬಾಜೂಕಿನವನ ಸಂಗಾಟ ಓಡಬೇಕು, ಬೌಮನ್ 1997ರಾಗ ಝ್ಯೂರಿಕ್‌ನಾಗ 12:54.70 ಓಡ್ಯಾನ, ಬಾರ್ಸಿಲೋನಾಕ್ಕಿಂತ ಹತ್ರಹತ್ರ ಹದಿನೆಂಟು ಸೆಕೆಂಡ್ ಜಾಸ್ತಿ ಜೋರು, ಆ ರೇಸ್ ಯಾರು ಗೆದ್ರು ಗೊತ್ತೇನು, ಇಥಿಯೋಪಿಯಾದ ಹೈಲೆ ಗೆಬ್ರೆಸೆಲಾಸಿ, 12:41.86, ವಿಶ್ವದಾಖಲೆ. ಅವತ್ತು ಇವನ ಜೀವನದಾಗಿನ ಅತೀ ಜೋರಿನ ಓಟ, ಆದ್ರ ಯಾರ ಫೋನಿನಾಗೂ ಅದಿಲ್ಲ, ಇರೋದು ಆ ಬಾರ್ಸಿಲೋನಾದ್ದ.

ಹುಡುಗೂರು ಅವನ ಬಗ್ಗೆ ಇನ್ನೂ ಕೇಳಿದ್ರು, ನಾ ಎಲ್ಲಾ ಹೇಳ್ದೆ, ಒಂದೂ ಮುಚ್ಚಿಡಲಿಲ್ಲ. 1988ರಾಗ ಸಿಯೋಲಿನಾಗ ಇದೇ 5000 ಮೀಟರಿನಾಗ ಕೀನ್ಯಾದ ಜಾನ್ ನ್ಗುಗಿ ಚಿನ್ನ, ಬೌಮನ್ ಬೆಳ್ಳಿ, ಹಾನ್ಸ್‌ಯಾರ್ಗ್ ಕುಂಟ್ಸೆ ಕಂಚು. ಬೆಳ್ಳಿಯವ ಪಶ್ಚಿಮ ಜರ್ಮನಿ, ಕಂಚಿನವ ಪೂರ್ವ ಜರ್ಮನಿ, ಮಾತು ಒಂದ, ಬಾವುಟ ಎರಡು. ಎರಡು ವರ್ಷದಾಗ, 1990ರ ಅಕ್ಟೋಬರ್ 3ಕ್ಕ ದೇಶ ಒಂದಾತು, ಬಾರ್ಸಿಲೋನಾದಾಗ ಇವ ಓಡಿದ್ದು ಆ ಒಂದಾದ ಜರ್ಮನಿಗೆ. ಅಲ್ಲಿಯ ಮಂದಿಗೆ ಆ ಕ್ಲಿಪ್ ಇವತ್ತಿಗೂ ಯಾಕ ಅಷ್ಟು ಹತ್ರ ಅನ್ನೋದಕ್ಕ ಇದೂ ಒಂದು ಕಾರಣ ಇದ್ದೀತು ಅಂತ ನನಗ ಅನಿಸ್ತೈತಿ. ಅವನ ಕೋಚ್ ಯಾರು ಗೊತ್ತೇನ್ರಿ, ಅವನ ಹೆಂಡ್ತಿ, ಇಸಾಬೆಲ್. ಇದನ್ನ ಕೇಳಿ ನಮ್ಮ ಸಾಲಿ ಹೆಣ್ಣುಮಕ್ಕಳು ಭಾಳ ಖುಷಿ ಪಟ್ರು, ಹೆಣ್ಣುಮಗಳು ಕೋಚ್ ಆಗಿ ಗಂಡಸಿಗೆ ಒಲಿಂಪಿಕ್ಸ್ ಗೆಲ್ಲಿಸ್ಯಾಳ ಅಂತ ಅವರವರ ಮನಿಗೆ ಹೋಗಿ ಹೇಳ್ಯಾರಂತ.

ಆಮ್ಯಾಲಿನ ಮಾತು ಕಷ್ಟದ್ದು. 1999ರಾಗ ಡೋಪಿಂಗ್ ಪರೀಕ್ಷಾದಾಗ ನ್ಯಾಂಡ್ರೊಲೋನ್ ಅನ್ನೋ ನಿಷೇಧ ಮಾಡಿದ ಔಷಧ ಸಿಕ್ತು. ಡೋಪಿಂಗ್ ವಿರುದ್ಧ ಗಟ್ಟಿ ದನಿಯಾಗ ಮಾತಾಡ್ತಿದ್ದ ಮನಷ್ಯಾ ಅವ. ಅವನ ಹಲ್ಲಿನ ಪೇಸ್ಟಿನ ಟ್ಯೂಬಿನಾಗ ಆ ಔಷಧ ಸಿಕ್ತು, ಯಾರೋ ಬೇಕಂತ ಹಾಕ್ಯಾರ ಅಂತ ಅವ ಹೇಳಿದ, ಜರ್ಮನ್ ಫೆಡರೇಶನ್ ಅವನನ್ನ ನಿರ್ದೋಷಿ ಅಂತು, ಅಂತಾರಾಷ್ಟ್ರೀಯ ಫೆಡರೇಶನ್ ಒಪ್ಪಲಿಲ್ಲ, ಎರಡು ವರ್ಷ ಬ್ಯಾನ್, 2000ದ ಸಿಡ್ನಿ ಒಲಿಂಪಿಕ್ಸ್ ತಪ್ಪಿತು. ಹಂಗಾರ ಅವ ತಪ್ಪಿತಸ್ಥನೋ ಅಲ್ಲೋ ಸರ್ ಅಂತ ಕೇಳಿದ್ರು. ನಾ ನ್ಯಾಯಾಧೀಶ ಅಲ್ಲ, ಎರಡೂ ತೀರ್ಪು ಹೇಳ್ದೆ, ನೀವು ಮಾತ್ರ ಜಿಮ್ಮಿನಾಗ ಯಾರೋ ಕೊಟ್ಟ ಪುಡಿ, ಗುಳಿಗಿ, ಇಂಜೆಕ್ಷನ್ ಒಂದೂ ಮುಟ್ಟಬ್ಯಾಡ್ರಿ ಅಂದೆ, ಅದನ್ನ ಸಿಟ್ಟಿನಿಂದನ ಅಂದೆ, ಯಾಕಂದ್ರ ಫಿಸಿಕಲ್ ಹತ್ರ ಬಂತಂದ್ರ ಅಂಥಾದ್ದು ಮಾರಾವರು ಗ್ರೌಂಡಿನ ಹೊರಗ ನಿಂತಿರ್ತಾರ, ನನ್ನ ಕಣ್ಣಿಂದ ನೋಡೀನಿ. ಬ್ಯಾನ್ ಮುಗಿಸಿ ಬಂದ ಬೌಮನ್ 2002ರಾಗ ಮ್ಯೂನಿಕ್‌ನಾಗ ಯುರೋಪಿಯನ್ ಚಾಂಪಿಯನ್‌ಶಿಪ್ಪಿನ 10000 ಮೀಟರಿನಾಗ ಬೆಳ್ಳಿ ಗೆದ್ದ, 37 ವರ್ಷ ಅವಂಗ ಆವಾಗ, ಮುಂದಿನ ವರ್ಷ ಬಿಟ್ಟ.

ಈಗ ನಾ ಪತ್ರ ಬರಿಯಾಕ ಕಾರಣ ಆದ ಮಾತಿಗೆ ಬರ್ತೀನ್ರಿ.

ಇಷ್ಟೆಲ್ಲಾ ಹೇಳಿ ಮುಗಿಸಿದ ಮ್ಯಾಲೆ ಆ ಕುಂದಗೋಳದ ಹುಡುಗ ಕೇಳಿದ, ಸರ್ ನಿಮ್ಮ 5000 ಬೆಸ್ಟ್ ಎಷ್ಟ್ರಿ? ನನಗ ಉತ್ತರ ಇರಲಿಲ್ಲ. ಬಾರ್ಸಿಲೋನಾ ಆದ ಎರಡನೇ ವರ್ಷ ಒಂದು ಜಿಲ್ಲಾ ಮಟ್ಟದ ಕೂಟದಾಗ ನಾ ಎರಡನೇ ನಂಬರ್ ಬಂದಿದ್ದೆ. ಮಣ್ಣಿನ ಟ್ರ್ಯಾಕು, ಸುಣ್ಣದ ಗೆರಿ, ಬರಿಗಾಲು. ಮೊದಲ ಬಂದ ಹುಡುಗ ಹಾವೇರಿ ಕಡಿಯವ, ನನಗಿಂತ ನಾಕು ಹೆಜ್ಜಿ ಮುಂದ, ಅವನ ಬೆನ್ನು ನನಗ ಇವತ್ತಿಗೂ ಕಣ್ಣಿಗೆ ಕಟ್ಟಿದಂಗೈತಿ. ಸರ್ಟಿಫಿಕೇಟ್ ಕೊಟ್ರು, ಮನ್ಯಾಗ ಟ್ರಂಕಿನಾಗ ಐತಿ, ಅದರಾಗ ಹೆಸರೈತಿ, ದ್ವಿತೀಯ ಅಂತೈತಿ, ಸಹಿ ಐತಿ, ಟೈಮ್ ಇಲ್ಲ. ಓಟ ಮುಗಿದ ಮ್ಯಾಲೆ ಗಡಿಯಾರ ಹಿಡಕೊಂಡು ನಿಂತಿದ್ದವರ ಕಡೆ ಹೋಗಿ ಕೇಳಿದ್ದೆ, ಮೊದಲಿನವಂದ ಅಷ್ಟ ಹಿಡದೀವಿ ಅಂದ್ರು, ಅವಂದೂ ಎಷ್ಟು ಅಂತ ಹೇಳಲಿಲ್ಲ, ಮರುದಿನ ಪೇಪರಿನಾಗ ಇಬ್ಬರ ಹೆಸರೂ ಬಂತು, ಪ್ರಥಮ, ದ್ವಿತೀಯ. ನಮ್ಮಪ್ಪ ಆ ತುಂಡು ಕತ್ತರಿಸಿ ಡೈರಿಯಾಗ ಅಂಟಿಸಿದ್ರು, ಅಶ್ವಿನಿ ನಾಚಪ್ಪನ ಫೋಟೋ ಅಂಟಿಸಿದ ಪುಟದ ಬಾಜೂಕನ. ಜರ್ಮನಿಯವ ಯಾವ ಸುತ್ತಿಗೆ ಎಷ್ಟು ಓಡಿದ ಅಂತ ನನಗ ಗೊತ್ತೈತಿ, ನಾ ಎಷ್ಟು ಓಡಿದೆ ಅಂತ ನನಗ ಗೊತ್ತಿಲ್ಲ, ಹಾವೇರಿಯ ಆ ಹುಡುಗ ಎಷ್ಟು ಓಡಿದ ಅಂತ ಈ ಜಗತ್ತಿನಾಗ ಯಾರಿಗೂ ಗೊತ್ತಿಲ್ಲ. ಅವ ಎಂಥಾ ಓಟಗಾರ ಇದ್ದ ಅನ್ನೋದು ಅವತ್ತ ಮಣ್ಣಿನಾಗ ಹೋತು. ಹುಡುಗ ಕೇಳಿದಾಗ ನನ್ನ ಗಂಟಲ ಕಟ್ಟಿತು, ಸುಳ್ಳ ಹೇಳೋದಿಲ್ಲ.

ಪಿ.ಟಿ. ಉಷಾ ಅವರ ಮಾತ ತಗೊಳ್ರಿ. 1984, ಲಾಸ್ ಏಂಜಲೀಸ್, 400 ಮೀಟರ್ ಹರ್ಡಲ್ಸ್, ರೊಮೇನಿಯಾದಾಕಿ 55.41, ಉಷಾ 55.42. ಆ ಒಂದು ನೂರನೇ ಸೆಕೆಂಡು ನಮ್ಮ ದೇಶದಾಗ ಎಲ್ಲಾರ ಬಾಯಾಗೈತಿ, ನಮ್ಮವ್ವಗೂ ಗೊತ್ತು. ಅವತ್ತ ಯಾರೂ ಅದನ್ನ ಬರದಿಡದ ಹೋಗಿದ್ರ, ಬರೇ ಉಷಾಗೆ ನಾಲ್ಕನೇ ಸ್ಥಾನ ಅಂತ ಹಾಕಿ ಕೈ ಬಿಟ್ಟಿದ್ರ, ಇಷ್ಟು ವರ್ಷ ಆ ಸಂಕಟ ನಮ್ಮೊಳಗ ಉಳೀತಿತ್ತೇನ್ರಿ? ಮಿಲ್ಖಾ ಸಿಂಗರದೂ ಹಂಗ, 1960ರ ರೋಮಿನ 400 ಮೀಟರ್ ಓಟದ 45.6. ಆ ರೇಸಿನಾಗ ಎರಡನೇದಾವ ಕಾರ್ಲ್ ಕೌಫ್‌ಮನ್, ಅವನೂ ಜರ್ಮನಿಯವನ, ಮೊದಲ ಬಂದ ಅಮೆರಿಕಾದ ಓಟಿಸ್ ಡೇವಿಸ್‌ಗೂ ಅವಂಗೂ ಇಬ್ಬರಿಗೂ 44.9, ಫೋಟೋ ನೋಡಿ ಯಾರು ಗೆದ್ರು ಅಂತ ಹೇಳಬೇಕಾತು.

ಸಂಪಾದಕರ, ಈಗೂ ತಾಲೂಕ ಕೂಟ, ಜಿಲ್ಲಾ ಕೂಟ, ದಸರಾ ಕ್ರೀಡಾಕೂಟ ಅಂತ ನಿಮ್ಮ ಪೇಪರಿನಾಗ ಫಲಿತಾಂಶ ಬರ್ತಾವ, ಬರೋದಕ್ಕ ನಾ ಋಣಿ ಇದೀನಿ, ಭಾಳ ಪೇಪರಿನಾಗ ಅದೂ ಬರಂಗಿಲ್ಲ. ಆದ್ರ ಟೈಮ್ ಇರಂಗಿಲ್ಲ. 100 ಮೀಟರ್ ಓಟ, ಪ್ರಥಮ ಇಂಥಾವ, ದ್ವಿತೀಯ ಇಂಥಾವ. ಉದ್ದ ಜಿಗಿತಕ್ಕ ಎಷ್ಟು ಮೀಟರ್ ಅಂತಿಲ್ಲ, ಗುಂಡು ಎಸೆತಕ್ಕೂ ಇಲ್ಲ. ಉದ್ಘಾಟನಾ ಭಾಷಣಕ್ಕ ಹನ್ನೆರಡು ಸಾಲು ಇರ್ತಾವ. ಇದರಾಗ ನಿಮ್ಮ ವರದಿಗಾರರದಷ್ಟ ತಪ್ಪಿಲ್ಲ, ನಮ್ಮಂಥಾ ಪಿಟಿ ಮಾಸ್ತರಗಳು ಕೂಟ ನಡಸೋ ಮುಂದ ಟೈಮ್ ಬರದು ಕೊಡಂಗಿಲ್ಲ, ಬರದ್ರೂ ಆ ಹಾಳಿ ಸಂಜೀಕೆ ಕಸದಾಗ ಹೋಗಿರ್ತೈತಿ. ನೀವು ಕೇಳಾಕ ಹತ್ತಿದ್ರ ನಾವು ಬರಿಯಾಕ ಹತ್ತತೀವಿ. ವರದಿಗಾರ ಫೋನ್ ಮಾಡಿ ಟೈಮ್ ಎಷ್ಟ್ರಿ ಸರ್, ಅದಿಲ್ಲದ ಹಾಕಂಗಿಲ್ಲ ಅಂತ ಒಂದ್ ಸಲ ಅಂದ್ರ ಸಾಕು, ಮುಂದಿನ ಕೂಟಕ್ಕ ಮೂರು ಸ್ಟಾಪ್‌ವಾಚ್ ಬಂದಿರ್ತಾವ. ಕೈ ಗಡಿಯಾರದ ಟೈಮಿಗೂ ಒಂದು ರೀತಿ ಐತಿ, ನೂರನೇ ಭಾಗ ಬಂದ್ರ ಮುಂದಿನ ಹತ್ತನೇ ಭಾಗಕ್ಕ ಏರಿಸಿ ಬರೀಬೇಕು, 15:41.32 ಬಂದ್ರ 15:41.4 ಅಂತ. ಎಲೆಕ್ಟ್ರಾನಿಕ್ ಮಷೀನ್ ಬೇಕಾಗಿಲ್ಲ, 5000 ಮೀಟರಿಗೆ ಇದು ಸಾಕು. ಮೂರು ನಂಬರಿಗೆ ಮೂರು ಅಂಕಿ, ನಿಮ್ಮ ಪುಟದಾಗ ಎಷ್ಟ್ ಜಾಗ ಹೋದೀತು?

ನಿಮ್ಮ ಪೇಪರ್ ಈಗ ಫೋನಿನಾಗೂ ಬರ್ತೈತಿ, ಅಲ್ಲಿ ಜಾಗಕ್ಕ ಕೊರತಿ ಇಲ್ಲ. ಅಲ್ಲಿ ಒಮ್ಮಿ ಹಾಕಿದ್ದು ಹುಡುಕಿದ್ರ ಸಿಗ್ತೈತಿ, ಹತ್ತು ವರ್ಷ ಬಿಟ್ಟು ಆ ಹುಡುಗ ಪೊಲೀಸ್ ಆಗಿ ಎಲ್ಲೋ ಕಲಬುರಗಿ ಕಡೆ ಡ್ಯೂಟಿ ಮ್ಯಾಲಿದ್ದಾಗ ಅವನ ಮಗಳು ಕೇಳಿದ್ರ ತೋರಿಸ್ತಾನ. ಹಳೇ ಕೂಟದ ಫೋಟೋ ನಿಮ್ಮ ಕಚೇರಿಯಾಗ ಇದ್ರ ಅವನ್ನೂ ಹಾಕ್ರಿ, 1990ರ ಆಜುಬಾಜಿನವು, ಧಾರವಾಡ ಜಿಲ್ಲಾ ಒಡದು ಗದಗ, ಹಾವೇರಿ ಬ್ಯಾರೆ ಆಗೋಕಿಂತ ಮೊದಲಿನವು, 1997ರ ಹಿಂದಿನವು. ಆವಾಗ ನಾವೆಲ್ಲಾ ಒಂದ ಜಿಲ್ಲಾದವರು, ಒಂದ ಗ್ರೌಂಡಿನಾಗ ಓಡ್ತಿದ್ವಿ. ಅದರಾಗ ಎಲ್ಲರ ಒಬ್ಬ ಸಣಕಲ ಹುಡುಗ ಬರಿಗಾಲಿಲೆ ಮುಂದ ಓಡೋದು, ನಾಕು ಹೆಜ್ಜಿ ಹಿಂದ ಇನ್ನೊಬ್ಬ ಹಲ್ಲ ಕಚ್ಚಿಕೊಂಡು ಓಡೋದು ಕಂಡ್ರ ದಯಮಾಡಿ ನನಗ ತಿಳಸ್ರಿ. ಮುಂದಿನವನ ಹೆಸರು ನನಗ ಗೊತ್ತೈತಿ, ಅವಂಗ ಹೇಳದ ಪೇಪರಿನಾಗ ಹಾಕೋದು ಸರಿ ಅಲ್ಲ ಅಂತ ಇಲ್ಲಿ ಬರದಿಲ್ಲ. ಅವ ಈ ಪತ್ರ ಓದಿದ್ರ ಅವಂಗ ಗೊತ್ತಾಕ್ಕೈತಿ.

ನಮ್ಮ ಸಾಲಿ ಹುಡುಗೂರದು ಈ ತಿಂಗಳದಿಂದ ಒಂದು ನೂರು ಪುಟದ ವಹಿ ಮಾಡೀನಿ. ದಿನಾಂಕ, ಹೆಸರು, ಎಷ್ಟು ಮೀಟರ್, ಎಷ್ಟು ಟೈಮ್, ಮಳಿ ಇತ್ತೋ ಬಿಸಲಿತ್ತೋ. ಮೊದಲನೇ ಸಾಲಿನಾಗ ಆ ಕುಂದಗೋಳದ ಹುಡುಗಂದು ಹಾಕೀನಿ, ಅವ ನಮ್ಮ ಸಾಲಿಯವ ಅಲ್ದಿದ್ರೂ, 1600 ಮೀಟರ್, 5 ನಿಮಿಷ 38.2 ಸೆಕೆಂಡ್, ಜಿಟಿಜಿಟಿ ಮಳಿ.

ಇಂತಿ ನಿಮ್ಮ ಓದುಗ,
ಒಬ್ಬ ದೈಹಿಕ ಶಿಕ್ಷಕ, ಧಾರವಾಡ